ಕಿಕ್ಕರ್‌ನಲ್ಲಿ ಬಿಗಿಯಿಲ್ಲದ ಹಳೆಯ ಬೈಕು: ಕಂಪ್ರೆಷನ್ ಸೋರುತ್ತಿರುವುದು ಎಲ್ಲಿಂದ?

ಪ್ರಶ್ನೆ: ನಮ್ಮ ತಂದೆಯವರು ಓಡಿಸುತ್ತಿದ್ದ 150 ಸಿಸಿಯ, ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕ್ ಬೈಕು ಸುಮಾರು ಮೂರು ವರ್ಷ ಓಡದೆ ನಿಂತಿತ್ತು. ಈಗ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದಿದ್ದೇನೆ. ಕಿಕ್ಕರ್ ಒತ್ತಿದರೆ ಕಾಲಿಗೆ ಎದುರು ಬಲವೇ ಸಿಗುವುದಿಲ್ಲ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ, ವೇಗದಲ್ಲಿ ತಕ್ಕಮಟ್ಟಿಗೆ ಎಳೆಯುತ್ತದೆ, ಆದರೆ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ನಿಂತುಬಿಡುತ್ತದೆ. ಮೂಲೆಗೆ ನಿಲ್ಲಿಸುವ ಮೊದಲೂ ಬೆಳಗಿನ ಹೊತ್ತು ಒಂದೆರಡು ನಿಮಿಷ ನೀಲಿ ಹೊಗೆ ಬಿಡುತ್ತಿತ್ತು. ಮೆಕ್ಯಾನಿಕ್ ಗೇಜ್ ಹಾಕಿ ನೋಡಿದಾಗ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಬಂತು; ಪ್ಲಗ್ ರಂಧ್ರದೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 80ಕ್ಕೆ ಏರಿತು. ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ, ಬೋರಿಂಗ್ ಮಾಡಿಸಿ (ಅದನ್ನು ಕೊರೆದು ಅಗಲಿಸಿ) ಪಿಸ್ಟನ್ ಸೆಟ್ ಹಾಕಲೇಬೇಕು ಎನ್ನುತ್ತಾರೆ. ದಪ್ಪ ಆಯಿಲ್ ಹಾಕಿದರೆ ಸಾಕು ಎಂದು ಸ್ನೇಹಿತರೊಬ್ಬರ ಸಲಹೆ. ಎಂಜಿನ್ ಬಿಚ್ಚುವ ಮೊದಲೇ ನಿಜ ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ. ನೀವು ಬರೆದ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ಬೋರ್‌ನ ಕಡೆಗಲ್ಲ, ವಾಲ್ವ್‌ಗಳ ಕಡೆಗೆ. ಬೋರ್ ಸವೆದಿಲ್ಲವೆಂದು ನಾನು ಇಲ್ಲಿ ಕುಳಿತು ಹೇಳಲಾರೆ. ಆದರೆ ಈವರೆಗೆ ನಡೆದಿರುವ ಪರೀಕ್ಷೆಗಳು ಅದು ಸವೆದಿದೆ ಎಂದೂ ತೋರಿಸಿಲ್ಲ. ಗಾಳಿ ಎಷ್ಟು ಸೋರುತ್ತಿದೆ ಎಂಬುದಕ್ಕಿಂತ ಯಾವ ದಾರಿಯಿಂದ ಸೋರುತ್ತಿದೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ, ಮತ್ತು ಅದನ್ನು ಯಾರೂ ಇನ್ನೂ ಕೇಳಿಲ್ಲ.

ಸಿಲಿಂಡರಿನಲ್ಲಿ ಒತ್ತಿದ ಗಾಳಿಗೆ ಹೊರಗೆ ಹೋಗಲು ಇರುವ ದಾರಿಗಳು ಕೆಲವೇ. ಪಿಸ್ಟನ್ ಸುತ್ತಲಿನ ರಿಂಗ್‌ಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯಬಹುದು, ಇನ್‌ಲೆಟ್ ವಾಲ್ವ್ ಸರಿಯಾಗಿ ಕೂರದಿದ್ದರೆ ಕಾರ್ಬೊರೇಟರ್ ಕಡೆಗೆ, ಎಕ್ಸಾಸ್ಟ್ ವಾಲ್ವ್ ಕೂರದಿದ್ದರೆ ಸೈಲೆನ್ಸರ್ ಕಡೆಗೆ ಹೋಗಬಹುದು, ಹೆಡ್ ಗ್ಯಾಸ್ಕೆಟ್ ಅಥವಾ ಪ್ಲಗ್‌ನ ವಾಷರ್ ಬಳಿ ನೇರವಾಗಿ ಹೊರಕ್ಕೂ ನುಸುಳಬಹುದು. ಇನ್ನು ಕಿಕ್ಕರ್‌ನಲ್ಲಿ ಬಲ ಸಿಗದಿರುವಾಗಲೆಲ್ಲ ಕಂಪ್ರೆಷನ್ನೇ ಹೋಗಿರಬೇಕೆಂದೂ ಇಲ್ಲ. ಕಿಕ್ಕರ್‌ನ ಶಕ್ತಿ ಕ್ಲಚ್ ಮೂಲಕ ಕ್ರ್ಯಾಂಕಿಗೆ ಹೋಗುವ ಬೈಕುಗಳಲ್ಲಿ ಕ್ಲಚ್ ಪ್ಲೇಟು ಜಾರಿದರೂ ಪೆಡಲ್ ಸಲೀಸಾಗಿ ಕೆಳಗಿಳಿಯುತ್ತದೆ. ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ಕಡೆಯ ಕ್ಯಾಪ್ ತೆಗೆದು, ಕಿಕ್ಕರನ್ನು ಕೈಯಿಂದ ಒತ್ತುವಾಗ ಒಳಗಿನ ನಟ್ಟು ತಿರುಗುತ್ತಿದೆಯೇ ಎಂದು ನೋಡಿದರೆ ಈ ಸಂಶಯ ಅರ್ಧ ನಿಮಿಷದಲ್ಲಿ ತೀರುತ್ತದೆ.

ತಳ್ಳಿದರೆ ಸ್ಟಾರ್ಟ್ ಆಗುವ ಬೈಕು ಕಿಕ್ಕರ್‌ಗೆ ಏಕೆ ಆಗುವುದಿಲ್ಲ, ಓಡುವಾಗ ಎಳೆಯುವ ಎಂಜಿನ್ ಐಡ್ಲಿಂಗ್‌ನಲ್ಲಿ ಏಕೆ ಸಾಯುತ್ತದೆ ಎಂಬುದಕ್ಕೆ ಕಾರಣ ಸಮಯ. ಎಂಜಿನ್ ನಿಮಿಷಕ್ಕೆ 300 ಸುತ್ತು ತಿರುಗುವಾಗ ಪಿಸ್ಟನ್ ಒಮ್ಮೆ ಕೆಳಗಿನಿಂದ ಮೇಲೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕಾಗುತ್ತದೆ. 5000 ಸುತ್ತಿನಲ್ಲಿ ಅದೇ ಕೆಲಸ ಸೆಕೆಂಡಿನ ಸಾವಿರದ ಆರು ಭಾಗದಲ್ಲಿ ಮುಗಿಯುತ್ತದೆ. ಸಣ್ಣದೊಂದು ಸಂದಿಯಿಂದ ಸೋರುವ ಗಾಳಿಗೆ ಮೊದಲನೆಯ ಸಂದರ್ಭದಲ್ಲಿ ಸಾಕಷ್ಟು ಬಿಡುವಿದೆ, ಎರಡನೆಯದರಲ್ಲಿ ಇಲ್ಲ. ಹೀಗಾಗಿ ವೇಗದಲ್ಲಿ ಎಳೆಯುತ್ತಿದೆ ಎಂಬುದು ಎಂಜಿನ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸೋರಿಕೆಯ ಸಂದಿ ಇನ್ನೂ ಸಣ್ಣದಿದೆ ಎಂಬುದಕ್ಕೆ ಮಾತ್ರ ಸಾಕ್ಷಿ.

ಈಗ ಗೇಜ್‌ನ 60 ಪಿಎಸ್‌ಐ ವಿಷಯ. 9:1ರ ಆಸುಪಾಸಿನ ಕಂಪ್ರೆಷನ್ ಅನುಪಾತವಿರುವ, ಅಂದರೆ ಒಳಬಂದ ಗಾಳಿಯನ್ನು ಒಂಬತ್ತನೇ ಒಂದು ಭಾಗದ ಜಾಗಕ್ಕೆ ಒತ್ತುವ, ಇಂತಹ ಎಂಜಿನ್‌ಗಳು ಆರೋಗ್ಯವಾಗಿದ್ದಾಗ ಸಾಮಾನ್ಯವಾಗಿ 120ರಿಂದ 170 ಪಿಎಸ್‌ಐ ನಡುವೆ ತೋರಿಸುತ್ತವೆ. ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದರೊಂದಿಗೆ ಹೋಲಿಸಿದರೆ 60 ಬಹಳ ಕಡಿಮೆ, ನಿಜ. ಆದರೆ ಅಂಕಿಯನ್ನು ನಂಬುವ ಮೊದಲು ಅದನ್ನು ಹೇಗೆ ತೆಗೆದರು ಎಂದು ಕೇಳಬೇಕು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿಯದಿದ್ದರೆ ಸಿಲಿಂಡರಿಗೆ ಗಾಳಿಯೇ ಸಾಕಷ್ಟು ಬರುವುದಿಲ್ಲ, ಬಾರದ ಗಾಳಿಯನ್ನು ಪಿಸ್ಟನ್ ಒತ್ತುವುದಾದರೂ ಹೇಗೆ? ನಿರ್ವಾತದಿಂದ ಸ್ಲೈಡ್ ಏಳುವ ಬಗೆಯ ಕಾರ್ಬೊರೇಟರ್ ಇದ್ದರೆ ಆಕ್ಸಿಲರೇಟರ್ ತಿರುಗಿಸಿದರೂ ಸ್ಲೈಡ್ ಕೆಳಗೇ ಕುಳಿತಿರುತ್ತದೆ; ಅದನ್ನು ಬೆರಳಿನಿಂದ ಎತ್ತಿ ಹಿಡಿಯಬೇಕು ಅಥವಾ ಕಾರ್ಬೊರೇಟರನ್ನೇ ಕಳಚಬೇಕು. ಸುಲಭವಾಗಿ ಕಿಕ್ ಮಾಡಲೆಂದು ವಾಲ್ವ್ ತೆರೆಯುವ ಕ್ಯಾಮ್‌ನಲ್ಲಿ ಸ್ವಯಂಚಾಲಿತ ಡಿಕಂಪ್ರೆಸರ್ (ಕಿಕ್ ಮಾಡುವಾಗ ವಾಲ್ವನ್ನು ತುಸು ತೆರೆದಿಡುವ ಭಾಗ) ಇಟ್ಟಿರುವ ಎಂಜಿನ್‌ಗಳಂತೂ ಎಲ್ಲವೂ ಸರಿಯಿದ್ದಾಗಲೂ ಗೇಜ್‌ನಲ್ಲಿ ಬಹಳ ಕಡಿಮೆ ತೋರಿಸುತ್ತವೆ. ಗೇಜ್ ಕೂಡ ಮೋಸ ಮಾಡಬಲ್ಲದು. ಅದರ ಒಳಗಿನ ಗಾಳಿ ತಡೆಯುವ ಸಣ್ಣ ವಾಲ್ವ್ ಪ್ಲಗ್‌ನ ತುದಿಯಲ್ಲಿರದೆ ಮೀಟರ್‌ನ ಬುಡದಲ್ಲಿದ್ದರೆ, ನಡುವಿನ ಪೈಪಿನ ಜಾಗವೂ ಸಿಲಿಂಡರಿನ ಭಾಗವಾಗಿಬಿಡುತ್ತದೆ. ಕಾರಿನ ದೊಡ್ಡ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲದಿರಬಹುದು, 150 ಸಿಸಿಗೆ ಹಾಗಲ್ಲ. ಬೆಟ್ಟದ ಮೇಲಿನ ಊರಿನಲ್ಲಿದ್ದರೆ ಇನ್ನೊಂದಿಷ್ಟು ಕಳೆಯಿರಿ: 1000 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 11ರಷ್ಟು ಕಡಿಮೆ.

ಸರಿಯಾದ ಕ್ರಮವೆಂದರೆ, ಸಾಧ್ಯವಾದರೆ ಎಂಜಿನ್ನನ್ನು ಸ್ವಲ್ಪ ಬಿಸಿ ಮಾಡಿ, ಚೋಕ್ ತೆಗೆದು, ಪ್ಲಗ್ ಕ್ಯಾಪಿಗೆ ಹಳೆಯ ಪ್ಲಗ್ ಸಿಕ್ಕಿಸಿ ಅದನ್ನು ಪ್ಲಗ್ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಆಕ್ಸಿಲರೇಟರ್ ಪೂರ್ತಿ ತೆರೆದು, ಗೇಜ್‌ನ ಮುಳ್ಳು ಇನ್ನು ಏರದು ಎನ್ನುವವರೆಗೆ ಐದಾರರಿಂದ ಎಂಟು ಬಾರಿ ಒಂದೇ ಸಮನೆ ಕಿಕ್ ಮಾಡುವುದು. ಕೊನೆಯ ಅಂಕಿಯನ್ನಷ್ಟೇ ಬರೆದುಕೊಳ್ಳಬೇಡಿ, ಮೊದಲ ಕಿಕ್ಕಿನ ಅಂಕಿಯನ್ನೂ ಬರೆಯಿರಿ. ರಿಂಗ್ ಸವೆದಿದ್ದರೆ ಮೊದಲು ಕಡಿಮೆ ಬಂದು ಪ್ರತಿ ಕಿಕ್ಕಿಗೂ ಮೆಲ್ಲಗೆ ಏರುತ್ತಾ ಹೋಗುವುದು ಸಾಮಾನ್ಯ. ವಾಲ್ವ್ ಸೋರುತ್ತಿದ್ದರೆ ಮೊದಲೂ ಕಡಿಮೆ, ಎಷ್ಟು ಕಿಕ್ ಮಾಡಿದರೂ ಅಲ್ಲೇ ನಿಲ್ಲುತ್ತದೆ. ಇದು ಪಕ್ಕಾ ತೀರ್ಪಲ್ಲ, ಸುಳಿವು.

ಆಯಿಲ್ ಬಿಟ್ಟು ನೋಡುವ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಬೋರ್‌ನ ಮೇಲೆ ಬಂದಿರುವ ತೀರ್ಪು ನಿಂತಿರುವುದು ಅದರ ಮೇಲೆಯೇ. ಆಯಿಲ್ ರಿಂಗ್‌ಗಳ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ವಾಲ್ವ್‌ಗಳ ಸಂದಿಯನ್ನು ಮುಚ್ಚುವುದಿಲ್ಲ. ಆದ್ದರಿಂದ ಆಯಿಲ್ ಬಿಟ್ಟ ಮೇಲೆ ಒತ್ತಡ ಏರಿದರೆ ತಪ್ಪು ರಿಂಗ್ ಮತ್ತು ಬೋರ್‌ನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿಯೇ. ಆದರೆ ಪ್ರಮಾಣ? 9:1 ಅನುಪಾತದ 150 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಹೆಡ್‌ನ ಕೆಳಗೆ ಉಳಿಯುವ ಜಾಗ 18.75 ಸಿಸಿ ಮಾತ್ರ. ಅದರೊಳಗೆ ಒಂದು ಚಮಚ, ಅಂದರೆ ಸುಮಾರು 5 ಮಿ.ಲೀ. ಆಯಿಲ್ ಸುರಿದರೆ ಉಳಿಯುವುದು 13.75 ಸಿಸಿ. ಆಯಿಲ್ ಒತ್ತಿದರೆ ಕುಗ್ಗುವ ವಸ್ತುವಲ್ಲ. ಹೀಗಾಗಿ ಅನುಪಾತವೇ 9ರಿಂದ ಹೆಚ್ಚುಕಡಿಮೆ 12ಕ್ಕೆ ಏರಿಬಿಡುತ್ತದೆ! ನಿಮ್ಮ ಗೇಜ್ 60ರಿಂದ 80ಕ್ಕೆ ಹೋದದ್ದಕ್ಕೆ ಈ ಒಂದು ಕಾರಣವೇ ಸಾಕು. ರಿಂಗ್‌ಗಳು ಹೊಸದಾಗಿದ್ದರೂ ಅಷ್ಟು ಏರಿಕೆ ಕಾಣುತ್ತಿತ್ತು. ಕಾರು, ಟ್ರ್ಯಾಕ್ಟರ್‌ಗಳ ಎಂಜಿನ್ನಿನಿಂದ ಬಂದ ಚಮಚದ ಅಳತೆಯನ್ನು ಸಣ್ಣ ಬೈಕಿಗೆ ಹಾಗೆಯೇ ಬಳಸುವುದು ಬಹಳ ಕಡೆ ನಡೆಯುವ ತಪ್ಪು. ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆದು 2 ಮಿ.ಲೀ. ಮಾತ್ರ ಬಿಟ್ಟು, ಪ್ಲಗ್ ಇಲ್ಲದೆ ಎಂಜಿನ್ನನ್ನು ಮೆಲ್ಲಗೆ ನಾಲ್ಕಾರು ಸುತ್ತು ತಿರುಗಿಸಿ ಆಯಿಲ್ ಸುತ್ತಲೂ ಹರಡುವಂತೆ ಮಾಡಿ, ಆಮೇಲೆ ಅಳೆಯಿರಿ. ಆಗ 60 ಇದ್ದದ್ದು 110ಕ್ಕೆ ಹಾರಿದರೆ ಮೆಕ್ಯಾನಿಕ್ ಹೇಳಿದ್ದು ಸರಿ. 65-70ರಲ್ಲಿ ನಿಂತರೆ ಬೋರಿಂಗ್ ಮಾಡಿಸಲು ಹೊರಡಬೇಡಿ.

ನೀಲಿ ಹೊಗೆ ಕಂಡೊಡನೆ ಬೋರ್ ಹೋಯಿತೆನ್ನುವುದೂ ಅರ್ಧ ಸತ್ಯ. ನೀಲಿ ಹೊಗೆ ಹೇಳುವುದು ಆಯಿಲ್ ಉರಿಯುತ್ತಿದೆ ಎಂಬುದನ್ನು ಮಾತ್ರ. ರಾತ್ರಿಯಿಡೀ ನಿಂತ ಬೈಕಿನಲ್ಲಿ ಹೆಡ್‌ನ ಆಯಿಲ್ ಗಟ್ಟಿಯಾದ ವಾಲ್ವ್ ಸೀಲ್‌ಗಳನ್ನು ದಾಟಿ, ಸವೆದ ಗೈಡ್‌ನೊಳಗಿಂದ (ವಾಲ್ವ್‌ನ ಕಾಂಡ ಜಾರುವ ಕೊಳವೆ) ಹನಿಹನಿಯಾಗಿ ಇಳಿದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಉರಿದು ನಿಂತುಹೋಗುತ್ತದೆ. ನೀವು ವರ್ಣಿಸಿರುವುದು ಹೆಚ್ಚುಕಡಿಮೆ ಇದನ್ನೇ. ರಿಂಗ್‌ನ ಹೊಗೆಯಾದರೆ ಬಿಸಿಯಾದ ಮೇಲೂ ಇರುತ್ತದೆ, ಭಾರ ಎಳೆಯುವಾಗ, ಆಕ್ಸಿಲರೇಟರ್ ತಿರುಗಿಸಿದಾಗ ಜಾಸ್ತಿಯಾಗುತ್ತದೆ. ಅಲ್ಲದೆ ಆಯಿಲ್ ಕೆರೆಯುವ ರಿಂಗ್ ಬೇರೆ, ಗಾಳಿ ತಡೆಯುವ ರಿಂಗ್‌ಗಳು ಬೇರೆ. ಕೆಳಗಿನ ಆಯಿಲ್ ರಿಂಗ್ ಕೆಟ್ಟು ಧಾರಾಳವಾಗಿ ಹೊಗೆ ಬಿಡುತ್ತಿದ್ದರೂ ಗೇಜ್‌ನಲ್ಲಿ ಒಳ್ಳೆಯ ಅಂಕಿ ತೋರಿಸುವ ಎಂಜಿನ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ದಪ್ಪ ಆಯಿಲ್‌ನ ಸಲಹೆಯನ್ನು ಬಿಟ್ಟುಬಿಡಿ. ಗೇಜ್‌ನಲ್ಲಿ ನಾಲ್ಕಾರು ಪಿಎಸ್‌ಐ ಹೆಚ್ಚು ತೋರಿಸಬಹುದು, ವಾಲ್ವ್ ಸೋರಿಕೆಗೆ ಅದರಿಂದ ಏನೂ ಆಗದು. ಬದಲಿಗೆ ತಣ್ಣಗಿರುವಾಗ ಹೆಡ್‌ನ ಕ್ಯಾಮ್ ಮತ್ತು ರಾಕರ್‌ಗಳಿಗೆ ಆಯಿಲ್ ತಲುಪುವುದು ತಡವಾಗಿ ಅವು ಸವೆಯುತ್ತವೆ. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಇರುವ ಬೈಕಿಗೆ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಅಪಾಯವೂ ಇದೆ. ಮ್ಯಾನ್ಯುಯಲ್ ಹೇಳುವ ದರ್ಜೆಯ, ಡಬ್ಬದ ಮೇಲೆ ಜಾಸೊ ಎಂಎ (JASO MA, ಇಂತಹ ಕ್ಲಚ್‌ಗೆ ಒಪ್ಪುವ ದರ್ಜೆ) ಎಂಬ ಗುರುತಿರುವ ಆಯಿಲ್ ಸಾಕು.

ಯಾವ ಸಲಕರಣೆಯೂ ಇಲ್ಲದೆ ಇವತ್ತೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಗಿಯಾಗಿಯೇ ಇರಲಿ, ಸದ್ದಿಲ್ಲದ ಜಾಗದಲ್ಲಿ ಕಿಕ್ಕರನ್ನು ಕಾಲಿನಿಂದಲ್ಲ, ಕೈಯಿಂದ ನಿಧಾನವಾಗಿ ಒತ್ತಿ. ಪಿಸ್ಟನ್ ಗಾಳಿ ಒತ್ತುವ ಹಂತಕ್ಕೆ ಬಂದಾಗ ಒಳ್ಳೆಯ ಎಂಜಿನ್ನಿನ ಪೆಡಲ್ ಅಲ್ಲಿ ಗಟ್ಟಿಯಾಗಿ ನಿಂತು, ಒತ್ತಡವನ್ನು ಹಿಡಿದೇ ಇದ್ದರೆ ಕೆಲವು ಕ್ಷಣಗಳ ಮೇಲೆ ಮೆಲ್ಲಗೆ ಜಾರುತ್ತದೆ. ನಿಮ್ಮದು ತಡೆಯೇ ಇಲ್ಲದಂತೆ ಇಳಿಯುತ್ತಿರಬಹುದು. ಆಗ ಇನ್ನೊಬ್ಬರನ್ನು ಕರೆದು, ಅವರ ಕಿವಿಯನ್ನು ಒಮ್ಮೆ ಸೈಲೆನ್ಸರ್‌ನ ತುದಿಗೆ, ಒಮ್ಮೆ ಏರ್ ಫಿಲ್ಟರ್ ತೆಗೆದ ಕಾರ್ಬೊರೇಟರ್‌ನ ಬಾಯಿಗೆ, ಒಮ್ಮೆ ಮುಚ್ಚಳ ತೆಗೆದ ಆಯಿಲ್ ಹಾಕುವ ರಂಧ್ರಕ್ಕೆ ಹತ್ತಿರವಿಡಲು ಹೇಳಿ. 'ಉಸ್' ಎಂಬ ಸದ್ದು ಎಲ್ಲಿ ಕೇಳಿಸುತ್ತದೋ ಸೋರಿಕೆಯ ದಾರಿ ಅದೇ. ಕಂಪ್ರೆಸರ್ ಇರುವ ಕಡೆ ಇದನ್ನೇ ಇನ್ನಷ್ಟು ಚೆನ್ನಾಗಿ ಮಾಡಬಹುದು: ಪಿಸ್ಟನ್ನನ್ನು ಕಂಪ್ರೆಷನ್‌ನ ಮೇಲ್ತುದಿಗೆ ತಂದು, ಟಾಪ್ ಗೇರ್ ಹಾಕಿ ಹಿಂದಿನ ಬ್ರೇಕ್ ಹಿಡಿದು, ಪ್ಲಗ್ ರಂಧ್ರದ ಮೂಲಕ ಸುಮಾರು 30 ಪಿಎಸ್‌ಐ ಗಾಳಿ ಬಿಟ್ಟು ಆರಂಭಿಸುವುದು. ಪಿಸ್ಟನ್ ತುದಿಯಿಂದ ಸ್ವಲ್ಪ ಆಚೀಚೆ ಇದ್ದರೂ ಗಾಳಿ ಅದನ್ನು ಥಟ್ಟನೆ ಕೆಳಗೆ ದೂಡುತ್ತದೆ. ಆದ್ದರಿಂದ ಕೈ ಚೈನ್‌ನ ಬಳಿಯಾಗಲಿ, ಕಾಲು ಕಿಕ್ಕರ್‌ನ ದಾರಿಯಲ್ಲಾಗಲಿ ಇರಬಾರದು. ಹೆಡ್ ಮತ್ತು ಸಿಲಿಂಡರ್ ಕೂಡುವ ಗೆರೆಯ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದೂ ನೋಡಿ. ರಿಂಗ್‌ನ ಬಾಯಿಯ ಸಂದಿಯಿಂದ ಒಂದಿಷ್ಟು ಗಾಳಿ ಕೆಳಗಿಳಿಯುವುದು ಹೊಸ ಎಂಜಿನ್ನಿನಲ್ಲೂ ಸಹಜ, ಹಾಗಾಗಿ ಆಯಿಲ್ ರಂಧ್ರದಲ್ಲಿ ಸಣ್ಣ ಸದ್ದು ಕೇಳಿಸಿದರೆ ಗಾಬರಿಯಾಗಬೇಕಿಲ್ಲ. ಸೈಲೆನ್ಸರ್ ಅಥವಾ ಕಾರ್ಬೊರೇಟರ್‌ನಲ್ಲಿ ಮಾತ್ರ ಸದ್ದೇ ಬರಬಾರದು.

ಇದಕ್ಕೂ ಮೊದಲು ಟ್ಯಾಪೆಟ್, ಅಂದರೆ ವಾಲ್ವ್‌ನ ಕಾಂಡ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದಿ, ನೋಡಿ. ವೃತ್ತಿಯ ಆರಂಭದಲ್ಲಿ ನಾನು ಒಂದು ಎಂಜಿನ್ನಿಗೆ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ, ಎಲ್ಲ ಬಿಗಿದು ಕಿಕ್ ಮಾಡಿದರೆ ಪೆಡಲ್ ಹಿಂದಿನಂತೆಯೇ ಸುಮ್ಮನೆ ಕೆಳಗಿಳಿಯಿತು. ಆಮೇಲೆ ಟ್ಯಾಪೆಟ್ ಕ್ಯಾಪ್ ಬಿಚ್ಚಿ ನೋಡಿದಾಗ ಎಕ್ಸಾಸ್ಟ್ ವಾಲ್ವ್‌ನ ಕಾಂಡದ ತುದಿ ಮತ್ತು ರಾಕರ್ ನಡುವೆ ಫೀಲರ್ ಗೇಜ್‌ನ ಎಲ್ಲಕ್ಕಿಂತ ತೆಳ್ಳನೆಯ ಎಲೆಯೂ ತೂರಲಿಲ್ಲ. ವಾಲ್ವ್ ತನ್ನ ಸೀಟ್‌ನ ಮೇಲೆ ಕೂರುತ್ತಲೇ ಇರಲಿಲ್ಲ. ಅಡ್ಜಸ್ಟಿಂಗ್ ಸ್ಕ್ರೂವನ್ನು ಅರ್ಧ ಸುತ್ತಿಗೂ ಕಡಿಮೆ ಸಡಿಲಿಸಿದ ಕೂಡಲೇ ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿತು. ಬೋರಿಂಗ್‌ನ ಖರ್ಚನ್ನು ಬೈಕಿನವರಿಂದ ಪಡೆಯಲು ನನಗೆ ಮನಸ್ಸಾಗಲಿಲ್ಲ.

ಇದು ಹೇಗೆ ಆಗುತ್ತದೆಂದರೆ, ವರ್ಷಗಟ್ಟಲೆ ಬಡಿದು ಬಡಿದು ವಾಲ್ವ್ ತನ್ನ ಸೀಟ್‌ನೊಳಗೆ ಆಳಕ್ಕೆ ಇಳಿಯುತ್ತದೆ, ಅದರ ಕಾಂಡದ ತುದಿ ಆ ಮಟ್ಟಿಗೆ ರಾಕರ್ ಕಡೆಗೆ ಏರುತ್ತದೆ. ಟ್ಯಾಪೆಟ್ ಸಂದಿ ಕಡಿಮೆಯಾಗುತ್ತಾ ಬಂದು ಸದ್ದೂ ಅಡಗುತ್ತದೆ. ಎಂಜಿನ್ ಸದ್ದಿಲ್ಲದೆ ಓಡುತ್ತಿದೆ ಎಂದು ಮಾಲೀಕರು ಸಂತೋಷಪಡುವುದು ಆ ಹೊತ್ತಿನಲ್ಲೇ! ಎಕ್ಸಾಸ್ಟ್ ವಾಲ್ವ್ ಬಿಸಿಗೆ ಉದ್ದವಾದಾಗ ಉಳಿದ ಸಂದಿಯೂ ಹೋಗಿ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲುತ್ತದೆ ಎಂದು ನೀವು ಬರೆದಿರುವುದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಸಣ್ಣ ಎಂಜಿನ್‌ಗಳಲ್ಲಿ ಈ ಸಂದಿ ಹಲವು ಬಾರಿ 0.05ರಿಂದ 0.10 ಮಿ.ಮೀ. ಮಾತ್ರ, ಅಂದರೆ ತಲೆಗೂದಲಿನ ದಪ್ಪ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಇನ್‌ಲೆಟ್ ವಾಲ್ವ್ ತೆರೆದು ಮುಚ್ಚಿದ ನಂತರ ಪಿಸ್ಟನ್ ಮೇಲೆ ಬಂದು ಮ್ಯಾಗ್ನೆಟ್‌ನ ಗುರುತು ಕೂಡಿದಾಗ, ಮ್ಯಾನ್ಯುಯಲ್‌ನ ಅಳತೆಗೆ ಹೊಂದಿಸಬೇಕು. ಸರಿಪಡಿಸುವ ಮೊದಲು ಅದು ಎಷ್ಟಿತ್ತು ಎಂಬುದನ್ನು ಬರೆದಿಡಿ. ಎಕ್ಸಾಸ್ಟ್‌ನಲ್ಲಿ ಸಂದಿಯೇ ಇಲ್ಲದಿದ್ದರೆ ಅರ್ಧ ಉತ್ತರ ಸಿಕ್ಕಂತೆ.

ಟ್ಯಾಪೆಟ್ ಸರಿಯಿದ್ದೂ ಸೋರಿಕೆ ಇದ್ದರೆ, ಮೂರು ವರ್ಷ ನಿಂತದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಂಜಿನ್ ನಿಂತ ದಿನ ಯಾವ ವಾಲ್ವ್ ತೆರೆದಿತ್ತೋ ಅದರ ಸೀಟ್‌ನ ಮೇಲೆ ತೇವ ಕೂತು ತುಕ್ಕು ಹಿಡಿದಿರಬಹುದು. ಇಂಗಾಲದ ಒಂದು ಚೂರು ಸಡಿಲವಾಗಿ ವಾಲ್ವ್‌ನ ಅಂಚಿಗೆ ಸಿಕ್ಕಿರಬಹುದು. ಹಳೆಯ ಆಯಿಲ್ ಅಂಟಿನಂತಾಗಿ ರಿಂಗ್‌ಗಳು ಪಿಸ್ಟನ್‌ನ ತೋಡಿನೊಳಗೆ ಅಂಟಿಕೊಂಡು, ಹೊರಕ್ಕೆ ಅರಳಿ ಗೋಡೆಗೆ ತಾಗದೇ ಇರಬಹುದು. ಇವುಗಳಲ್ಲಿ ಯಾವುದೂ ಸವೆತವಲ್ಲ. ಪ್ಲಗ್ ರಂಧ್ರದಿಂದ ಟಾರ್ಚ್ ಬಿಟ್ಟೋ ಸಣ್ಣ ಕ್ಯಾಮರಾ ಇಳಿಸಿಯೋ ನೋಡಿ, ಗೋಡೆಯಲ್ಲಿ ಕೆಂಪು ತುಕ್ಕು ಕಾಣದಿದ್ದರೆ, ತುಕ್ಕು ಸಡಿಲಿಸುವ ಎಣ್ಣೆಯನ್ನು ಸ್ವಲ್ಪ ಬಿಟ್ಟು ಎರಡು ಮೂರು ದಿನ ನೆನೆಯಲು ಬಿಡಬಹುದು. ಆಮೇಲೆ ಪ್ಲಗ್ ಹಾಕದೆ, ರಂಧ್ರಕ್ಕೆ ಬಟ್ಟೆ ಮುಚ್ಚಿ ಹಲವು ಬಾರಿ ಕಿಕ್ ಮಾಡಿ ದ್ರವವನ್ನೆಲ್ಲ ಹೊರಹಾಕಬೇಕು. ಒಳಗೆ ದ್ರವ ಉಳಿದಿರುವಾಗ ಪ್ಲಗ್ ಬಿಗಿದು ಕಿಕ್ ಮಾಡಿದರೆ ಕುಗ್ಗದ ದ್ರವ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಲ್ಲದು. ಕೆಳಗಿಳಿದ ಎಣ್ಣೆ ಎಂಜಿನ್ ಆಯಿಲ್‌ನಲ್ಲಿ ಬೆರೆತಿರುತ್ತದೆ, ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಬದಲಿಸಿ. ಹೀಗೆ ಮಾಡಿ ನೂರಿನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿದ ಮೇಲೆ ಗೇಜ್‌ನ ಅಂಕಿ ತಾನಾಗಿ ಸುಧಾರಿಸಿದ ಬೈಕುಗಳಿವೆ, ಸುಧಾರಿಸದವೂ ಇವೆ. ಗೋಡೆಯಲ್ಲಿ ತುಕ್ಕು ಕಂಡರೆ ಮಾತ್ರ ಇದನ್ನು ಮಾಡಬೇಡಿ. ರಿಂಗ್‌ಗಳು ಆ ತುಕ್ಕನ್ನು ಕೆರೆದು ಬೋರ್‌ನಲ್ಲಿ ಗೀರು ಎಳೆಯುತ್ತವೆ.

ಸದ್ದು ಸೈಲೆನ್ಸರ್‌ನಿಂದಲೋ ಕಾರ್ಬೊರೇಟರ್‌ನಿಂದಲೋ ಬರುವುದು ಖಚಿತವಾದರೆ ಹೆಡ್ ಬಿಚ್ಚಲೇಬೇಕು. ಎಕ್ಸಾಸ್ಟ್ ಸೋರಿಕೆಯನ್ನು ಹಾಗೇ ಬಿಟ್ಟು ಓಡಿಸುವುದು ಸರಿಯಲ್ಲ, ಏಕೆಂದರೆ ಉರಿಯುವ ಅನಿಲ ಆ ಸಂದಿಯಲ್ಲೇ ನುಗ್ಗಿ ವಾಲ್ವ್‌ನ ಅಂಚನ್ನು ಕರಗಿಸಿ ಸಂದಿಯನ್ನು ದೊಡ್ಡದು ಮಾಡುತ್ತಲೇ ಹೋಗುತ್ತದೆ. ರಿಂಗ್ ಸೋರಿಕೆ ಅಷ್ಟು ಅವಸರದ್ದಲ್ಲ. ಆಯಿಲ್ ಮಟ್ಟವನ್ನು ವಾರಕ್ಕೊಮ್ಮೆ ನೋಡಿಕೊಂಡು, ಬೇಗ ಬೇಗ ಬದಲಿಸುತ್ತಾ ಕೆಲವು ತಿಂಗಳು ತಳ್ಳಬಹುದು. ಹೆಡ್ ಕೆಲಸದಲ್ಲಿ ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟ್‌ನ ಮೇಲೆ ಉಜ್ಜಿ ಸರಿಯಾಗಿ ಕೂರಿಸುವುದು) ಜೊತೆಗೆ ಸೀಲ್‌ಗಳನ್ನು ಹೊಸದು ಹಾಕಿಸಿ, ಗೈಡ್‌ನಲ್ಲಿ ವಾಲ್ವ್ ಅಲುಗಾಡುತ್ತದೆಯೇ ನೋಡಿಸಿ. ಗೈಡ್ ಸವೆದಿದ್ದರೆ ವಾಲ್ವ್ ಪ್ರತಿ ಸಲವೂ ಬೇರೆ ಬೇರೆ ಕಡೆ ಕೂರುವುದರಿಂದ ಎಷ್ಟು ಲ್ಯಾಪಿಂಗ್ ಮಾಡಿದರೂ ನಾಲ್ಕು ದಿನಕ್ಕೆ ಮತ್ತೆ ಸೋರುತ್ತದೆ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಹೆಡ್ ಮತ್ತು ಸಿಲಿಂಡರ್ ಎರಡನ್ನೂ ಒಂದೇ ಉದ್ದನೆಯ ಸ್ಟಡ್‌ಗಳು ಹಿಡಿದಿರುತ್ತವೆ. ಹೆಡ್ ತೆಗೆದ ಮೇಲೆ ಕಿಕ್ಕರ್ ಮುಟ್ಟಿದರೆ ಸಿಲಿಂಡರ್ ಮೇಲೆದ್ದು ಬುಡದ ಗ್ಯಾಸ್ಕೆಟ್ ಹಾಳಾಗುತ್ತದೆ.

ರಿಂಗ್ ಕಡೆಯೇ ತಪ್ಪೆಂದು ಕಂಡುಬಂದರೂ ನೇರವಾಗಿ ಬೋರಿಂಗ್‌ಗೆ ಹೋಗಬೇಕೆಂದಿಲ್ಲ. ಬೋರ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ, ಹೀಗೆ ಆರು ಅಳತೆ ತೆಗೆಸಿ. ಸವೆತ ಮಿತಿಯೊಳಗಿದ್ದರೆ ಹೋನಿಂಗ್ (ಗೋಡೆಯನ್ನು ತೆಳುವಾಗಿ ಉಜ್ಜುವುದು) ಮಾಡಿ ಹೊಸ ರಿಂಗ್ ಹಾಕಿದರೆ ಸಾಕು. ಬೋರ್ ಅಂಡಾಕಾರಕ್ಕೆ ತಿರುಗಿದ್ದರೆ ಅಥವಾ ಮೇಲ್ಭಾಗದಲ್ಲಿ ಉಗುರಿಗೆ ತಾಗುವಂತಹ ಮೆಟ್ಟಿಲು ಬಿದ್ದಿದ್ದರೆ ಹೊಸ ರಿಂಗ್ ಮಾತ್ರ ಹಾಕುವುದು ಹಣ ದಂಡ. ಚೂಪು ಅಂಚಿನ ಹೊಸ ರಿಂಗ್ ಆ ಮೆಟ್ಟಿಲಿಗೆ ಬಡಿದು ಮುರಿಯಲೂಬಹುದು. ಬೋರಿಂಗ್ ಆಗಲೇಬೇಕೆಂದರೆ 0.25 ಮಿ.ಮೀ. ಓವರ್‌ಸೈಜ್‌ನಿಂದ (ಮೂಲ ಅಳತೆಗಿಂತ ಅಷ್ಟು ದೊಡ್ಡ ಪಿಸ್ಟನ್‌ನಿಂದ) ಆರಂಭಿಸಿ, ಮತ್ತು ಪಿಸ್ಟನ್ ಕೈಗೆ ಬಂದ ಮೇಲೆಯೇ ಸಿಲಿಂಡರನ್ನು ಲೇತಿಗೆ ಕೊಡಿ, ಆ ಪಿಸ್ಟನ್ನನ್ನೇ ಅಳೆದು ಬೋರ್ ತೆಗೆಯುವಂತೆ ಹೇಳಿ. ಒಳಗೋಡೆಗೆ ನಿಕಲ್-ಸಿಲಿಕಾನ್ ಲೇಪನವಿರುವ ಅಲ್ಯೂಮಿನಿಯಂ ಸಿಲಿಂಡರ್ ಆಗಿದ್ದರೆ ಈ ಮಾಮೂಲಿ ಬೋರಿಂಗ್ ನಡೆಯುವುದಿಲ್ಲ. ಸಿಲಿಂಡರನ್ನೇ ಬದಲಿಸಬೇಕು ಅಥವಾ ಮರುಲೇಪನ ಮಾಡಿಸಬೇಕು.

ಹೆಡ್ ಇಳಿಸುವ ದಿನ ಸಾಧ್ಯವಾದರೆ ನೀವೂ ಅಲ್ಲಿರಿ. ವಾಲ್ವ್‌ಗಳನ್ನು ಕಳಚುವ ಮೊದಲು ಹೆಡ್ಡನ್ನು ಓರೆಯಾಗಿ ಹಿಡಿದು ಇನ್‌ಲೆಟ್ ಮತ್ತು ಎಕ್ಸಾಸ್ಟ್ ಪೋರ್ಟ್‌ಗಳಿಗೆ ಒಂದೊಂದಾಗಿ ಸೀಮೆಎಣ್ಣೆ ತುಂಬಲು ಹೇಳಿ, ವಾಲ್ವ್‌ನ ಅಂಚನ್ನು ಒಣಬಟ್ಟೆಯಿಂದ ಒರೆಸಿ ಎರಡು ಮೂರು ನಿಮಿಷ ಕಾಯಿರಿ. ಸೋರುವ ವಾಲ್ವ್‌ನ ಅಂಚಿನಲ್ಲಿ ಒದ್ದೆಯ ಗೆರೆ ಮೂಡುತ್ತದೆ. ಎರಡೂ ಒಣಗಿದ್ದರೆ ಹೆಡ್ಡನ್ನು ಪಕ್ಕಕ್ಕಿಟ್ಟು ಸಿಲಿಂಡರ್ ಎತ್ತಲು ಹೇಳಿ, ಬೋರ್ ಗೇಜ್ ತರಿಸಿ.